ಸ್ಥಳೀಯರು ಸಂತಸಪಟ್ಟ ಪ್ರಕರಣ

ಪತ್ರಿಕೆಯಲ್ಲಿ ದಿನ ಬೆಳಗಾದರೆ ಬರುವ 'ಸ್ಥಳೀಯರು' ಎಂದರೆ ಯಾರು ಎಂದು ಬೇರೆ ಊರಿನಲ್ಲಿ ಕೇಳಿದರೆ ಜನ ಮುಖ ಮುಖ ನೋಡಿಕೊಂಡಾರು. ಮೂರುಹಕ್ಲಿನಲ್ಲಿ ಆ ತೊಂದರೆ ಇರಲಿಲ್ಲ. ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯ ಆ ಪುಟ್ಟ ಕೂಡುರಸ್ತೆಯಲ್ಲಿ ಯಾರನ್ನು ಕೇಳಿದರೂ ಟಾರ್ಪಾಲ್ ಅಂಗಡಿಯ ಕಡೆ ಕೈ ತೋರಿಸುತ್ತಿದ್ದರು. ಗಂಬೂಟುಗಳ ಸಾಲು, ನೈಲಾನ್ ಹಗ್ಗದ ಸುರುಳಿ, ಮಳೆಗೆ ಹೊದೆಯುವ ತೂಗುಬಿಟ್ಟ ಪ್ಲಾಸ್ಟಿಕ್ ಕೊಪ್ಪೆ, ಇವುಗಳ ಹಿಂದೆ ಕನ್ನಡಕ ಹಣೆಗೇರಿಸಿ ಕುಳಿತಿರುತ್ತಿದ್ದ ಗುರುವಯ್ಯನೇ ಸ್ಥಳೀಯರು. ಇದು ಗೇಲಿಯ ಮಾತಲ್ಲ. ಊರಿಗೆ ಒಬ್ಬ ಅಂಚೆಯವನಿರುವಂತೆ, ಒಬ್ಬ ಲೈನ್‌ಮನ್ ಇರುವಂತೆ, ಮೂರುಹಕ್ಲಿಗೆ ಒಬ್ಬ ಸ್ಥಳೀಯರಿದ್ದರು.

ಶುರುವಾದದ್ದು ಒಂದು ಹಲಸಿನ ಮರದಿಂದ. ಕೆಲವು ಮಳೆಗಾಲಗಳ ಹಿಂದೆ ಅದು ರಸ್ತೆಗೆ ಅಡ್ಡ ಬಿತ್ತು. ಈ ಭಾಗದ ಸುದ್ದಿ ಕಳಿಸುವ ವರದಿಗಾರ ಅನಿಲ್ ಮೂಡಿಗೆರೆಯಲ್ಲಿರುವವನು. ಆ ಮಳೆಯಲ್ಲಿ ಬೈಕ್ ಹತ್ತಿ ಬರುವುದಕ್ಕೆ ಅವನಿಗೇನು ತಲೆ ಕೆಟ್ಟಿತ್ತೇ? ಟಾರ್ಪಾಲ್ ಅಂಗಡಿಯ ಬೋರ್ಡಿನ ಮೇಲಿದ್ದ ನಂಬರಿಗೆ ಫೋನ್ ಮಾಡಿ ಏನಾಯ್ತು ಎಂದು ಕೇಳಿದ. ಗುರುವಯ್ಯ ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಮರ ಬಿದ್ದಿದೆ, ತೆಗೆಯುವವರು ಬಂದಿಲ್ಲ, ಹಾಲಿನ ಗಾಡಿ ಆಚೆಯೇ ನಿಂತಿದೆ, ಬೆಳಗಿನಿಂದ ಕಾಫಿ ಕುಡಿಯದೆ ತಲೆ ಸಿಡಿಯುತ್ತಿದೆ. ಮರುದಿನ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು: 'ಮರ ಬಿದ್ದು ಸಂಚಾರ ಅಸ್ತವ್ಯಸ್ತ: ಸ್ಥಳೀಯರ ಆಕ್ರೋಶ'. ತನ್ನ ತಲೆನೋವಿಗೆ ಇಷ್ಟು ದೊಡ್ಡ ಹೆಸರಿದೆಯೆಂದು ಗುರುವಯ್ಯನಿಗೆ ಅಂದೇ ಗೊತ್ತಾದದ್ದು. ಮಧ್ಯಾಹ್ನದೊಳಗೆ ಮರ ಎತ್ತಿದರು. ಅಲ್ಲಿಗೆ ಅವನು ಕೆಟ್ಟ.

ಆಮೇಲೆ ಅನಿಲ್‌ಗೆ ಏನೇ ಬೇಕಾದರೂ ಗುರುವಯ್ಯನಿಗೇ ಫೋನು. ಫೋನಿನಲ್ಲಿ ಇವನು ಗೊಣಗಿದರೆ ಅಲ್ಲಿ 'ಸ್ಥಳೀಯರ ಆರೋಪ', ಕೆಮ್ಮಿದರೆ 'ಸ್ಥಳೀಯರಲ್ಲಿ ಆರೋಗ್ಯದ ಭೀತಿ'. ಇದರಲ್ಲಿ ಅನಿಲ್‌ನ ತಪ್ಪೇನೂ ಇಲ್ಲ, ಅವನ ಕಸುಬು ಅದು. ಅಂಥದ್ದನ್ನು ಓದಿ ಮಡಚಿಟ್ಟು ಸುಮ್ಮನಾಗಬೇಕು, ಲೋಕವೆಲ್ಲ ಮಾಡುವುದು ಅದನ್ನೇ. ಗುರುವಯ್ಯ ಹಾಗೆ ಮಾಡಲಿಲ್ಲ. ಪತ್ರಿಕೆ ತನ್ನ ಬಗ್ಗೆ ಒಂದು ಮಾತು ಹೇಳಿದ ಮೇಲೆ ಅದನ್ನು ಉಳಿಸಿಕೊಡುವುದು ತನ್ನ ಕರ್ತವ್ಯವೆಂದು ನಂಬಿದ.

ಕಾಡಾನೆ ಬಂದು 'ಸ್ಥಳೀಯರಲ್ಲಿ ಆತಂಕ' ಎಂದಾಯಿತು. ಆನೆ ಬಂದ ದಿನ ಗೊರಕೆ ಹೊಡೆದಿದ್ದ ಗುರುವಯ್ಯ, ಸುದ್ದಿ ಬಂದ ದಿನ ಕಣ್ಣು ಬಿಟ್ಟುಕೊಂಡು ಮಲಗಿದ. ಕಸದ ರಾಶಿಯ ಬಗ್ಗೆ 'ಸ್ಥಳೀಯರು ಮೂಗು ಮುಚ್ಚಿಕೊಂಡು ಓಡಾಡುವಂತಾಗಿದೆ' ಎಂದು ಬಂದಾಗ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡೇ ವ್ಯಾಪಾರ ಮಾಡಿದ, ಗಿರಾಕಿಗಳು ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿದರು. ಹೊಂಡಬಿದ್ದ ರಸ್ತೆಗೆ 'ಸ್ಥಳೀಯರು ಹಿಡಿಶಾಪ ಹಾಕುತ್ತಿದ್ದಾರೆ' ಎಂದಾಗ ಮಾತ್ರ ಪೇಚಾಯಿತು. ಪಾಪ, ಹುಟ್ಟಿದಾಗಿನಿಂದ ಯಾರಿಗೂ ಒಂದು ಶಾಪ ಹಾಕಿದವನಲ್ಲ. ಪಕ್ಕದ ಗ್ಯಾರೇಜಿನ ಖಾದರ್ ಬೈಗುಳದಲ್ಲಿ ಪಳಗಿದವನು. ಅವನಿಂದ ಎರಡು ಹೇಳಿಸಿಕೊಂಡು ಬಂದು ರಸ್ತೆಯ ಕಡೆ ತಿರುಗಿ ಮೆಲ್ಲಗೆ ಹೇಳಿ ಮುಗಿಸಿದ.

ಹೆಂಡತಿ ಕಲ್ಲಮ್ಮ ಇದನ್ನೆಲ್ಲ ಸಹಿಸಿಕೊಂಡಿದ್ದಳು. ಅವಳ ಸಹನೆ ಹರಿದದ್ದು ಒಂದು ವಾರಪತ್ರಿಕೆಯಿಂದ. ಬೆಂಗಳೂರಿನಿಂದ ಬಂದು ಹೋದ ಯಾರೋ ಪುಣ್ಯಾತ್ಮರು ಅದರಲ್ಲಿ ಪ್ರವಾಸ ಲೇಖನ ಬರೆದು, 'ಇಲ್ಲಿನ ಸ್ಥಳೀಯರು ಮುಗ್ಧರು, ಅಪರಿಚಿತರನ್ನೂ ಮನೆಗೆ ಕರೆದು ಕಾಫಿ ಕೊಡದೆ ಕಳಿಸುವುದಿಲ್ಲ' ಎಂದುಬಿಟ್ಟಿದ್ದರು. ಆ ಭಾನುವಾರ ಗುರುವಯ್ಯ ಹೊರನಾಡಿಗೆ ಹೋಗುವ ಕಾರುಗಳನ್ನು ಕೈಯಡ್ಡ ಹಾಕಿ ನಿಲ್ಲಿಸಿದ. ಕೆಲವರು ಪೊಲೀಸ್ ತಪಾಸಣೆ ಎಂದು ಹೆದರಿ ಲೈಸೆನ್ಸ್ ತೆಗೆದರು. ಮಿಕ್ಕವರು ಮನೆಯೊಳಗೆ ಬಂದು, ಕಾಫಿ ಕುಡಿದು, ಸಕ್ಕರೆ ಕಡಿಮೆ ಎಂದು ಹೇಳಿ, ಬಚ್ಚಲು ಎಲ್ಲಿ ಎಂದು ಕೇಳಿದರು. ಸಂಜೆ ಕಲ್ಲಮ್ಮ ಲೋಟಗಳ ರಾಶಿಯ ಮುಂದೆ ಕುಳಿತು, "ಆ ಬರ್ದೋರ ಮನೆ ವಿಳಾಸ ತಗೊಂಡ್ ಬನ್ನಿ. ಮುಂದಿನ್ ವಾರ ಇವ್ರನ್ನೆಲ್ಲ ಅಲ್ಲಿಗೇ ಕಳಿಸ್ತೀನಿ" ಎಂದಳು.

ಆದರೆ ಹೊರಗೆ ಗೌರವ ಬೆಳೆಯುತ್ತಿತ್ತು, ಅದನ್ನು ಬಿಡಲಾದೀತೇ? ಮೂಡಿಗೆರೆಯ ಮದುವೆಯೊಂದರಲ್ಲಿ ಭಾಮೈದ ಅವನನ್ನು ಬೀಗರಿಗೆ ಪರಿಚಯ ಮಾಡಿಸಿ, 'ಇವ್ರು ನಮ್ಮ ಭಾವ, ಪೇಪರಲ್ಲಿ ಬರ್ತಾರಲ್ಲ, ಸ್ಥಳೀಯರು' ಎಂದ. ಬೀಗರು ಎದ್ದು ನಿಂತು ಕೈ ಮುಗಿದರು. ಊರವರೂ ರೂಢಿ ಮಾಡಿಕೊಂಡರು. ಟ್ರಾನ್ಸ್‌ಫಾರ್ಮರ್ ಸುಟ್ಟರೆ, ಬಸ್ಸು ಟ್ರಿಪ್ ತಪ್ಪಿಸಿದರೆ ಅಂಗಡಿಗೆ ಬಂದು, ಗುರುವಯ್ಯನವರೇ, ಇದಕ್ಕೊಂದು ಸ್ವಲ್ಪ ಆಕ್ರೋಶ ಪಡಿ ಎಂದು ಕೇಳಿಕೊಳ್ಳುವರು. ಇವನು, ಇವತ್ತು ವ್ಯಾಪಾರ ಜೋರಿದೆ, ನಾಳೆ ಪಡುತ್ತೇನೆ ಎನ್ನುವನು. ತಮ್ಮ ಬಾಯಿಯನ್ನು ಹೀಗೆ ಒಬ್ಬನ ಹತ್ತಿರ ಇಟ್ಟು ಉಳಿದವರೆಲ್ಲ ಆರಾಮಾಗಿದ್ದರು. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು.

ಹೋದ ಶ್ರಾವಣದಲ್ಲಿ ಮಳೆ ಒಂದೇ ಸಮನೆ ಹಿಡಿದು, ಕರೆಂಟು ಹೋಗಿ, ಟವರೂ ಸತ್ತು, ಫೋನುಗಳೆಲ್ಲ ಕಪಾಟು ಸೇರಿದವು. ಅಂಥ ಒಂದು ಬೆಳಗ್ಗೆ ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ಗುರುವಯ್ಯ ಬಿಡಿಸಿದ. 'ಮೂರುಹಕ್ಲಿಗೆ ಸೆಲ್ಫಿ ಪಾಯಿಂಟ್ ಭಾಗ್ಯ' ಎಂಬ ತಲೆಬರಹ. ಕೆಳಗೆ ಪಂಚಾಯಿತಿ ಅಧ್ಯಕ್ಷ ಬಸವಪ್ರಸಾದನ ನಗುಮುಖ. ಅದರ ಕೆಳಗೆ: 'ಇದಕ್ಕಾಗಿ ಶಿಥಿಲ ತಂಗುದಾಣದ ತೆರವಿಗೆ ಸ್ಥಳೀಯರು ಸಮ್ಮತಿ ಸೂಚಿಸಿದ್ದು, ಸಂತಸ ವ್ಯಕ್ತಪಡಿಸಿದ್ದಾರೆ.'

ಗುರುವಯ್ಯ ಅಭ್ಯಾಸಬಲದಿಂದ ಸಂತಸಪಡಲು ಹೊರಟು, ಅರ್ಧಕ್ಕೆ ನಿಂತ. ಮೂರುಹಕ್ಲಿನಲ್ಲಿ ಇರುವುದೇ ಆ ಒಂದು ತಂಗುದಾಣ. ಎಸ್ಟೇಟಿನ ಲೈನ್ ಮನೆಗಳಿಂದ ಕೆಲಸಕ್ಕೆ ಹೋಗುವ ಹೆಂಗಸರು, ಮೂಡಿಗೆರೆಯ ಆಸ್ಪತ್ರೆಗೆ ಹೋಗುವ ಮುದುಕರು, ಎಲ್ಲರೂ ಬಸ್ಸಿಗೆ ಕಾಯುವುದು ಅದರೊಳಗೆ. ಈ ಗಾಳಿ ಮಳೆಗೆ ಕೊಡೆ ನಿಲ್ಲುವುದಿಲ್ಲ. ಅದನ್ನು ಕೆಡವಿದರೆ ಊರಿನವರು ನೆನೆದುಕೊಂಡೇ ನಿಲ್ಲಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದ ಹಾಗೆ, ಚರಂಡಿಯಿಲ್ಲದ ಊರಿಗೆ ಸೆಲ್ಫಿ ಪಾಯಿಂಟಂತೆ. ತಾನು ಯಾವಾಗ ಸಮ್ಮತಿಸಿದೆ ಎಂದು ಅವನು ತಲೆ ಕೆರೆದುಕೊಂಡ. ಜ್ಞಾಪಕಕ್ಕೆ ಬರಲಿಲ್ಲ.

ಊರಿಗೆ ಮಾತ್ರ ಯಾವ ಸಂಶಯವೂ ಇರಲಿಲ್ಲ. ಸ್ಥಳೀಯರು ಸಮ್ಮತಿಸಿದ್ದಾರೆ ಎಂದರೆ ಗುರುವಯ್ಯ ಸಮ್ಮತಿಸಿದ್ದಾನೆ, ಇದರಲ್ಲಿ ಕೇಳುವುದೇನಿದೆ. ಹೋಟೆಲಿನಲ್ಲಿ ಅವನು ಕೂತ ಬೆಂಚಿನಿಂದ ಉಳಿದವರು ಎದ್ದು ಹೋದರು. ಮಧ್ಯಾಹ್ನದ ಹೊತ್ತಿಗೆ ಕಾರಣವನ್ನೂ ಯಾರೋ ಕಂಡುಹಿಡಿದರು: ತಂಗುದಾಣ ಹೋದರೆ ಜನ ನೆನೆಯುತ್ತಾರೆ, ನೆನೆದವರು ಕೊಪ್ಪೆ ಕೊಳ್ಳುತ್ತಾರೆ, ಕೊಪ್ಪೆ ಮಾರುವವರು ಯಾರು? ಖಾದರ್ ಅಂಗಡಿಯ ಮುಂದೆ ನಿಂತು, ಸ್ಪ್ಯಾನರ್ ಒರೆಸುತ್ತ, "ವ್ಯಾಪಾರ ಅಂದ್ರೆ ಇದು ಮಾರಾಯ. ನಾನೂ ನಾಳೆ ರೋಡಿಗೆ ಮೊಳೆ ಚೆಲ್ತೀನಿ" ಎಂದು ಹೋದ. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಸಂಜೆ ಖಾದರನ ತಾಯಿ ಜಹೀರಾ ಮಂಡಿನೋವಿನ ಕಾಲನ್ನು ಎಳೆಯುತ್ತ ಮೆಟ್ಟಿಲ ತನಕ ಬಂದಳು. ವಾರಕ್ಕೊಮ್ಮೆ ಮೂಡಿಗೆರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳುವವಳು ಅವಳು.

"ನಿಂಗೆ ಸಂತೋಷ ಆಯ್ತಂತೆ ಗುರುವಯ್ಯ. ಪೇಪರಲ್ಲಿ ಬಂದದೆ ಅಂತ ಓದಿ ಹೇಳಿದ್ರು" ಎಂದಳು. ಅಷ್ಟೇ ಹೇಳಿ ತಿರುಗಿ ಹೋದಳು.

ಗುರುವಯ್ಯನಿಗೆ ಅಂದು ಊಟ ಸೇರಲಿಲ್ಲ. ಕಲ್ಲಮ್ಮನೂ ಒತ್ತಾಯ ಮಾಡಲಿಲ್ಲ. ಅವಳ ಮುಖದಲ್ಲೂ ಸಂಶಯ ಕಂಡು ಅವನು ತಟ್ಟೆ ಸರಿಸಿ ಎದ್ದ. ಆಗ ಅವನಿಗೊಂದು ಯೋಚನೆ ಹೊಳೆಯಿತು, ಹೊಳೆದ ಕೂಡಲೇ ಮೈ ಉರಿಯಿತು. ಇದು ಬೇರೆ ಯಾರದೋ ಕೆಲಸ. ಮೂರುಹಕ್ಲಿನಲ್ಲಿ ಇನ್ನೊಬ್ಬ ಸ್ಥಳೀಯ ಹುಟ್ಟಿಕೊಂಡಿದ್ದಾನೆ.

ಎರಡು ದಿನ ಅವನು ಆ ಕಳ್ಳ ಸ್ಥಳೀಯನನ್ನು ಹುಡುಕಿದ. ಸಂತೋಷವಾಗಿ ಕಂಡವರನ್ನೆಲ್ಲ ಹಿಡಿದು ನಿಲ್ಲಿಸಿ, ನಿನಗೇಕೆ ಇಷ್ಟು ಸಂತೋಷ ಎಂದು ಕೇಳಿದ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮಾರಯ್ಯ ಶಿಳ್ಳೆ ಹಾಕುತ್ತ ಹೋಗುತ್ತಿದ್ದವನು ಹೀಗೆ ಸಿಕ್ಕಿಬಿದ್ದು, ತನ್ನ ಮಗಳಿಗೆ ಗಂಡು ಗೊತ್ತಾಗಿದೆಯೆಂದು ಪ್ರಮಾಣ ಮಾಡಿ ಬಿಡಿಸಿಕೊಂಡ. ಮೂರನೆಯ ದಿನ ಟವರಿಗೆ ಜೀವ ಬಂತು. ಗುರುವಯ್ಯ ಮೊದಲು ಮಾಡಿದ ಫೋನು ಅನಿಲ್‌ಗೆ.

ಅನಿಲ್ ಒಂದು ಚೂರೂ ಅಳುಕದೆ ಹೇಳಿದ. "ನಿಮ್ಮ ಫೋನ್ ಸಿಗ್ಲಿಲ್ಲ ಗುರುವಯ್ಯೋರೆ. ಅಧ್ಯಕ್ಷರು ಮೂಡಿಗೆರೆಗೆ ಬಂದಿದ್ದೋರು ವಾಟ್ಸಾಪಲ್ಲಿ ಕಳ್ಸಿದ್ರು, ಡೆಸ್ಕಿನೋರು ಅರ್ಜೆಂಟ್ ಮಾಡ್ತಿದ್ರು. ಸೆಲ್ಫಿ ಪಾಯಿಂಟ್ ಅಂದ್ರೆ ನೀವ್ ಹೆಂಗೂ ಸಂತೋಷ ಪಡ್ತೀರಿ ಅಂತ ನಾನೇ ಸೇರಿಸ್ದೆ."

"ಹಂಗಾದ್ರೆ ಸಮ್ಮತಿ ಕೊಟ್ಟೋರು ಯಾರು?"

"ಯಾರೂ ಇಲ್ಲ. ಸ್ಥಳೀಯರು ಅಷ್ಟೆ."

ಗುರುವಯ್ಯ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ ಮತ್ತೆ ಇಟ್ಟುಕೊಂಡ. ಇಷ್ಟು ವರ್ಷ ತಾನು ನಿದ್ದೆಗೆಟ್ಟು, ಮೂಗು ಮುಚ್ಚಿ, ಕಾಫಿ ಹಂಚಿ ಕಾಪಾಡಿಕೊಂಡು ಬಂದ ಮಾತಿನೊಳಗೆ ತಾನೇ ಇರಬೇಕಾದ ಅಗತ್ಯವಿರಲಿಲ್ಲ. ಯಾರಿಲ್ಲದಿದ್ದರೂ ಅದು ನಡೆಯುತ್ತಿತ್ತು. ತಾನು ಸಂತಸಪಟ್ಟಿಲ್ಲ ಎಂದು ನಾಳೆಯೇ ಹಾಕಬೇಕೆಂದು ಹಟ ಹಿಡಿದ. ಸಂತಸಪಡದೆ ಇರುವುದು ಸುದ್ದಿಯಲ್ಲ, ವಿರೋಧ ಏನಾದರೂ ನಡೆದರೆ ಹೇಳಿ, ನೋಡೋಣ ಎಂದ ಅನಿಲ್. ಹೇಗೂ ಶುಕ್ರವಾರ ಗುದ್ದಲಿ ಪೂಜೆಗೆ ತಾನು ಬರುತ್ತಿರುವುದಾಗಿಯೂ ತಿಳಿಸಿದ. "ಬಾ, ವಿರೋಧ ತೋರಿಸ್ತೀನಿ" ಎಂದು ಗುರುವಯ್ಯ ಫೋನಿಟ್ಟ. ಅವನು ಜನ್ಮದಲ್ಲಿ ಯಾರಿಗೂ ಫೋನಿನಲ್ಲಿ ಹಾಗೆ ಅಂದವನಲ್ಲ.

ಶುಕ್ರವಾರ ಬೆಳಗ್ಗೆ ಜನ ಕಣ್ಣುಜ್ಜುವ ಹೊತ್ತಿಗಾಗಲೇ ಕೆಲಸದವರು ಬಂದು ತಂಗುದಾಣದ ಮೇಲಿನ ಶೀಟುಗಳನ್ನು ಕಳಚಿ ಕೆಳಗಿಟ್ಟಿದ್ದರು. ಗೋಡೆ ಕೆಡವಲು ಜೆಸಿಬಿ ಬಂದು ನಿಂತಿತ್ತು. ತಾಲ್ಲೂಕಿನಿಂದ ಬಂದ ಇಂಜಿನಿಯರ್ ರಂಗನಾಥ ಜೀಪಿನಿಂದ ಇಳಿಯುತ್ತಿದ್ದ. ಬಸವಪ್ರಸಾದ ರೇಷ್ಮೆ ಶಲ್ಯ ಹೊದ್ದು, ತೆಂಗಿನಕಾಯಿ ಹಿಡಿದು, ಮಳೆ ನಿಲ್ಲಲೆಂದು ಆಕಾಶ ನೋಡುತ್ತಿದ್ದ. ಕೆಲಸಕ್ಕೆ ಹೊರಟ ಹೆಂಗಸರು ಬಸ್ಸಿಗೆಂದು ಬಂದು, ಸೂರಿಲ್ಲದ ಗೋಡೆಗಳ ನಡುವೆ ನೆನೆಯುತ್ತ ನಿಂತಿದ್ದರು. ಜಹೀರಾ ತಲೆಗೆ ಸೆರಗು ಹೊದ್ದು ಕಲ್ಲುಬೆಂಚಿನ ಮೇಲೆ ಕೂತಿದ್ದಳು. ಅವಳ ಸೆರಗಿನಿಂದ ನೀರು ಇಳಿಯುತ್ತಿತ್ತು.

ಗುರುವಯ್ಯ ಅದನ್ನು ನೋಡಿದ. ಅಂಗಡಿಯೊಳಗೆ ಹೋಗಿ, ಇದ್ದುದರಲ್ಲಿ ದೊಡ್ಡದಾದ ನೀಲಿ ಟಾರ್ಪಾಲನ್ನು ಹೆಗಲ ಮೇಲೆ ಹೊತ್ತು, ಹಗ್ಗದ ಸುರುಳಿ ಕೈಗೆ ಸಿಕ್ಕಿಸಿಕೊಂಡು ಬಂದ. ಗೋಡೆ ಹತ್ತಿ ಮೂಲೆಯ ಕಬ್ಬಿಣಕ್ಕೆ ಹಗ್ಗ ಬಿಗಿದ. ಇನ್ನೊಂದು ಮೂಲೆಗೆ ಕೈ ಸಾಲದೆ ಒದ್ದಾಡುತ್ತಿದ್ದಾಗ ಗ್ಯಾರೇಜಿನಿಂದ ಖಾದರ್ ಬಂದು ಆ ತುದಿ ಹಿಡಿದ.

"ಇದಕ್ಕೆ ದುಡ್ಡು ಯಾರ್ ಕೊಡ್ತಾರೆ?" ಎಂದು ಖಾದರ್ ಕೇಳಿದ.

"ನಿಮ್ಮಮ್ಮ ನೆನೀತಾ ಇದಾರೆ. ಎಳಿ ಮಾರಾಯ ಸುಮ್ನೆ" ಎಂದ ಗುರುವಯ್ಯ. ಖಾದರ್ ಎಳೆದು ಕಟ್ಟಿದ.

ರಂಗನಾಥ ಮೊದಲು ಅದನ್ನು ಗುದ್ದಲಿ ಪೂಜೆಯ ಶಾಮಿಯಾನ ಅಂದುಕೊಂಡು, ಒಳ್ಳೇ ವ್ಯವಸ್ಥೆ ಎಂದು ಮೆಚ್ಚಿಕೊಂಡ. ವಿಷಯ ತಿಳಿದ ಮೇಲೆ ಬ್ಯಾಗಿನಿಂದ ಪ್ಲಾಸ್ಟಿಕ್ ಹೊದಿಸಿದ ಪತ್ರಿಕೆಯ ತುಣುಕನ್ನು ತೆಗೆದ. ಯಾರ್ರೀ ಇದು, ಇಳೀರಿ, ಎಲ್ಲ ಕಾನೂನು ಪ್ರಕಾರ ಆಗಿದೆ, ಸ್ಥಳೀಯರ ಸಮ್ಮತಿ ಇಲ್ಲೇ ಅಚ್ಚಾಗಿದೆ ಎಂದು ಅದನ್ನು ಎತ್ತಿ ತೋರಿಸಿದ.

ಗುರುವಯ್ಯ ಗೋಡೆಯ ಮೇಲಿಂದಲೇ ಹೇಳಿದ. "ಅದ್ರಲ್ಲಿರೋ ಸ್ಥಳೀಯರು ನಾನು ಸಾರ್. ನಾನ್ ಸಮ್ಮತಿ ಕೊಟ್ಟಿಲ್ಲ."

ಇಂಜಿನಿಯರ್ ಅಧ್ಯಕ್ಷನ ಮುಖ ನೋಡಿದ. ಅಧ್ಯಕ್ಷ ತೆಂಗಿನಕಾಯಿಯ ಜುಟ್ಟು ನೋಡಿದ. ಅಷ್ಟರಲ್ಲಿ ಬೈಕಿನಿಂದ ಇಳಿದ ಅನಿಲ್, ಇದುವರೆಗೆ ಬರೀ ದನಿಯಾಗಿದ್ದ ಗುರುವಯ್ಯನನ್ನು ಮೊದಲ ಸಲ ಕಣ್ಣಾರೆ ನೋಡಿ, ಸ್ಥಳೀಯರು ಇಷ್ಟು ಕುಳ್ಳಗಿದ್ದಾರೆಯೇ ಎಂದು ಬೆರಗಾದ. ರಂಗನಾಥ ನಕ್ಕು, ಸಮಾಧಾನದ ದನಿಯಲ್ಲಿ, ನೀವು ಒಬ್ಬರು ವಿರೋಧಿಸಿದರೆ ಅದು ಸ್ಥಳೀಯರ ವಿರೋಧವಾಗುವುದಿಲ್ಲ ಯಜಮಾನರೇ ಎಂದ.

"ಸಮ್ಮತಿ ಕೊಟ್ಟೋರು ಎಷ್ಟ್ ಜನ ಇದಾರೆ, ಕರೀರಿ ನೋಡೋಣ" ಎಂದ ಗುರುವಯ್ಯ. "ಒಬ್ರೂ ಇಲ್ಲ ಸಾರ್. ಕೇಳ್ಕೊಳ್ಳಿ ಅನಿಲ್‌ನ. ಇಲ್ದೇ ಇರೋನು ಕೊಟ್ಟ ಸಮ್ಮತಿ ನಡೀತದೆ, ಇರೋನು ಗೋಡೆ ಮೇಲ್ ನಿಂತು ಬೇಡ ಅಂದ್ರೆ ನಡಿಯಲ್ವಾ? ನನ್ ಬಾಯಲ್ಲಿ ನಾನ್ ಆಡ್ದೇ ಇರೋ ಮಾತ್ ಇಟ್ಟು ನನ್ ಊರಿನ ಸೂರು ಕಿತ್ರಿ. ನಾನ್ ಇಳಿಯಲ್ಲ. ಕೆಡವೋದಾದ್ರೆ ನನ್ ಸಮೇತ ಕೆಡವಿ."

ಆಮೇಲೆ ಜಹೀರಾ ಬೆಂಚಿನಿಂದ ಏಳದೆ, ತನಗೂ ಸಂತೋಷವಾಗಿಲ್ಲ ಎಂದು ಸಾಹೇಬರಿಗೆ ತಿಳಿಸಿದಳು. ಕಲ್ಲಮ್ಮ ಕಾಫಿಯ ಕ್ಯಾನು ಹಿಡಿದು ರಸ್ತೆ ದಾಟಿ ಬಂದು, ಗಂಡನ ಕಾಲಬುಡದಲ್ಲಿ ನಿಂತಳು. ಸೆರಗು ಸೊಂಟಕ್ಕೆ ಬಿಗಿದಿದ್ದಳು. ಅದರರ್ಥ ಗುರುವಯ್ಯನಿಗೆ ಗೊತ್ತಿತ್ತು, ಇಂಜಿನಿಯರ್‌ಗೆ ಸ್ವಲ್ಪ ಹೊತ್ತಿನಲ್ಲಿ ಗೊತ್ತಾಯಿತು. ಹೋಟೆಲಿನವರು ಬಂದರು, ಹಿಂದೆ ಬೆಂಚಿನಿಂದ ಎದ್ದು ಹೋದವರೇ. ಬಸ್ಸು ಬಂದು ಹಾರನ್ ಹೊಡೆದರೂ ಹೆಂಗಸರು ಹತ್ತಲಿಲ್ಲ. ಕಂಡಕ್ಟರ್ ಏನಾಗಿದೆಯೆಂದು ನೋಡಲು ಇಳಿದು ಬಂದು, ತಾನೂ ಟಾರ್ಪಾಲಿನ ಕೆಳಗೆ ಸೇರಿಕೊಂಡ. ಬಸವಪ್ರಸಾದ ಇದೆಲ್ಲ ವಿರೋಧಿಗಳ ಪಿತೂರಿ ಎಂದು ಗೊಣಗಿದ. ವಿರೋಧಿಗಳ ಪೈಕಿ ತನ್ನ ಸ್ವಂತ ಚಿಕ್ಕಮ್ಮನೂ ನಿಂತಿರುವುದನ್ನು ಕಂಡು ಆ ಮಾತನ್ನು ಅಲ್ಲಿಗೇ ಬಿಟ್ಟ.

ಅನಿಲ್‌ಗೆ ಹುರುಪು ಬಂತು. ಪೆನ್ನು ತೆಗೆದು, ಭರ್ಜರಿ ಸುದ್ದಿ, 'ಸ್ಥಳೀಯರ ತೀವ್ರ ವಿರೋಧ' ಎಂದೇ ಹಾಕುತ್ತೇನೆ ಎಂದ. ಅವನು ಸ್ಥಳೀಯರು ಎಂದದ್ದೇ ತಡ, ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಆ ಮಾತು ಇನ್ನು ಮೂರುಹಕ್ಲಿಗೆ ಬೇಡ, ಹೆಸರು ಬರಿ ಎಂದು ಗುರುವಯ್ಯ ಮೇಲಿನಿಂದ ಆಜ್ಞೆ ಮಾಡಿದ. ಅನಿಲ್ ಬರೆದುಕೊಳ್ಳತೊಡಗಿದ. ಗುರುವಯ್ಯ, ಟಾರ್ಪಾಲ್ ಅಂಗಡಿ. ಕಲ್ಲಮ್ಮ. ಖಾದರ್, ಗ್ಯಾರೇಜು. ಜಹೀರಾ, ಅವನ ತಾಯಿ. ಮಾರಯ್ಯ, ರೈಟರ್, ಮಗಳ ಮದುವೆ ನಿಶ್ಚಯವಾಗಿರುವುದನ್ನೂ ಸೇರಿಸಬೇಕು. ಹೆಂಗಸರು ಅಪ್ಪನ ಹೆಸರು, ಊರು, ಲೈನ್ ಮನೆಯ ಗುರುತು ಎಲ್ಲ ಹೇಳಿ, ಮತ್ತೊಮ್ಮೆ ಓದಿಸಿ ಕೇಳಿದರು. ಕಂಡಕ್ಟರ್ ಬ್ಯಾಡ್ಜ್ ನಂಬರು ಕೊಟ್ಟ. ಅನಿಲ್ ಕೈ ಸೋತು, ಇಷ್ಟಕ್ಕೆಲ್ಲ ಜಾಗ ಇರುವುದಿಲ್ಲ, ನಾಲ್ಕು ಹೆಸರು ಹಾಕಿ ಕೊನೆಗೆ 'ಮತ್ತಿತರರು' ಎನ್ನುತ್ತೇನೆ ಎಂದು ಬೇಡಿಕೊಂಡ.

"ನಮ್ಮಲ್ಲಿ ಮತ್ತಿತರರು ಅಂತ ಯಾರೂ ಇಲ್ಲ ಮಗಾ. ಬರ್ಕೋ" ಎಂದಳು ಜಹೀರಾ.

ಮಧ್ಯಾಹ್ನವಾಗುತ್ತಲೇ ಇಂಜಿನಿಯರ್ ಜೀಪು ಹತ್ತಿದ. ಜೆಸಿಬಿ ಹಿಂದೆ ಹೋಯಿತು. ತೆಂಗಿನಕಾಯಿಯನ್ನು ವಾಪಸು ಒಯ್ಯುವುದು ಅಪಶಕುನವೆಂದು ಬಸವಪ್ರಸಾದ ಅದನ್ನು ಕಲ್ಲಮ್ಮನ ಕೈಗೇ ಕೊಟ್ಟುಬಿಟ್ಟ, ಅವಳು ಚಟ್ನಿ ಅರೆದಳು.

ಮರುದಿನದ ಪತ್ರಿಕೆಗೆ ಊರೇ ಕಾದಿತ್ತು. ಖಾದರ್ ಬಸ್ಸಿನ ಮೆಟ್ಟಿಲಿನಿಂದಲೇ ಕಿತ್ತುಕೊಂಡು ಬಂದ. ಮೊದಲ ಪುಟದಲ್ಲಿಲ್ಲ. ಜಿಲ್ಲೆಯ ಪುಟದಲ್ಲಿ ಒಂದು ಮೂಲೆಯಲ್ಲಿ, ಕಳೆದುಹೋದ ನಾಯಿಯ ಜಾಹೀರಾತಿನ ಪಕ್ಕ, ಎರಡು ಸಾಲು: 'ಮೂರುಹಕ್ಲು ಸೆಲ್ಫಿ ಪಾಯಿಂಟ್ ಕಾಮಗಾರಿಯನ್ನು ತಾಂತ್ರಿಕ ಕಾರಣಗಳಿಂದ ಮುಂದೂಡಲಾಗಿದೆ.' ಒಂದು ಹೆಸರಿಲ್ಲ. ಅನಿಲ್ ಫೋನ್ ಮಾಡಿ, ತಾನು ಎಲ್ಲ ಕಳಿಸಿದ್ದೆ, ಡೆಸ್ಕಿನವರು ಕತ್ತರಿಸಿದರು ಎಂದು ಆಣೆ ಹಾಕಿದ. ಮಾರಯ್ಯ ಮಗಳ ವಿಷಯವೂ ಬಂದಿಲ್ಲವೆಂದು ಬಹಳ ನೊಂದುಕೊಂಡ.

ಗುರುವಯ್ಯ ಆ ಎರಡು ಸಾಲನ್ನು ಗಟ್ಟಿಯಾಗಿ ಓದಿದ. ಕಲ್ಲಮ್ಮ ಕೇಳಿದಳು. "ಈ ತಾಂತ್ರಿಕ ಕಾರಣ ಅಂದ್ರೆ ಯಾರ್ರೀ? ನಾನ್ ನೋಡ್ಲೇ ಇಲ್ವಲ್ಲ. ನಾವಷ್ಟೇ ಇದ್ದಿದ್ದು."

ಗುರುವಯ್ಯ ಅವಳನ್ನು ನೋಡಿದ, ಪತ್ರಿಕೆಯನ್ನು ನೋಡಿದ. ಮೊದಲಿನ ಗುರುವಯ್ಯನಾಗಿದ್ದರೆ ತಾಂತ್ರಿಕ ಕಾರಣವಾಗಿ ಕಾಣಲು ಏನು ತೊಟ್ಟುಕೊಳ್ಳಬೇಕೆಂದು ಯೋಚಿಸುತ್ತಿದ್ದ. ಈಗ ಅವನು ಎದ್ದು, ಕೆಳಗೆ ಬಿದ್ದಿದ್ದ ಶೀಟುಗಳನ್ನು ಮತ್ತೆ ಮೇಲಕ್ಕೆ ಹತ್ತಿಸಲು ಖಾದರನನ್ನು ಕರೆದ.

ಮುಂದಿನ ಮಂಗಳವಾರ ಜೀಪು ಮತ್ತೆ ಬಂತು, ಹಿಂದೆಯೇ ಜೆಸಿಬಿ. ಮಳೆ ಸುರಿಯುತ್ತಿತ್ತು. ತಂಗುದಾಣದ ಬೆಂಚಿನ ಮೇಲೆ, ನೆಲದ ಮೇಲೆ, ಮೆಟ್ಟಿಲ ಮೇಲೆ ಮೂರುಹಕ್ಲಿನವರು ಒತ್ತಿಕೊಂಡು ಕುಳಿತಿದ್ದರು. ಕಲ್ಲಮ್ಮ ಕಾಫಿ ಬಗ್ಗಿಸುತ್ತಿದ್ದಳು. ಎಲ್ಲರ ಮುಂದೆ ಗುರುವಯ್ಯ.

ರಂಗನಾಥ ಕೊಡೆ ಹಿಡಿದು ಇಳಿದು, ತಾಳ್ಮೆಗೆಟ್ಟು ಕೇಳಿದ. "ಮತ್ತೆ ನೀವಾ? ಯಾರ್ರೀ ನೀವೆಲ್ಲ? ಸ್ಥಳೀಯರಾ?"

"ಅಲ್ಲ ಸಾರ್" ಎಂದ ಗುರುವಯ್ಯ, ಎದ್ದು ನಿಂತು ಎರಡೂ ಕೈ ಮುಗಿದು. "ನಾವು ತಾಂತ್ರಿಕ ಕಾರಣಗಳು."

ಜೆಸಿಬಿಯ ಡ್ರೈವರ್ ಇಂಜಿನ್ ಆರಿಸಿ, ಕೆಳಗಿಳಿದು ಓಡಿ ಬಂದು, ಅವರ ಮಧ್ಯೆ ಜಾಗ ಮಾಡಿಕೊಂಡು ಕುಳಿತು ಕಾಫಿಗೆ ಕೈ ಚಾಚಿದ.